ಎದುರು ಮನೆಯ ದೀಪ

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ದಿನವಿಡೀ ಟ್ಯೂಬ್‌ಲೈಟಿನ ಕೆಳಗೆ ಕೂತು ಗಾಜು ಉಜ್ಜುವ ಮನುಷ್ಯನಿಗೆ ಸಂಜೆ ಸ್ವಲ್ಪ ಕತ್ತಲೆ ಬೇಕು ಅನ್ನಿಸಿದರೆ ಅದನ್ನು ತಪ್ಪು ಅನ್ನಲಾಗದು. ತನಗೆ ಬೇಕಾದ ಕತ್ತಲೆಯನ್ನು ಬೀದಿಯವರೆಲ್ಲ ಸೇರಿ ಒದಗಿಸಿಕೊಡಬೇಕು ಅಂತ ಅವನು ಹಟ ಹಿಡಿದಾಗಲೇ ತಕರಾರು ಶುರುವಾದದ್ದು. ಬೀದಿಯ ಮಕ್ಕಳು ಅವನಿಗೆ ಕತ್ತಲೆರಾಯ ಅಂತ ಹೆಸರಿಟ್ಟಿದ್ದರು. ದೊಡ್ಡವರು ಎದುರಿಗೆ ಕನ್ನಡಕದವರು ಅನ್ನುತ್ತಿದ್ದರು, ಬೆನ್ನ ಹಿಂದೆ ಮಕ್ಕಳು ಇಟ್ಟ ಹೆಸರನ್ನೇ ಬಳಸುತ್ತಿದ್ದರು.

ವಯಸ್ಸು ಐವತ್ತರ ಹತ್ತಿರ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ ಅವನ ಅಕ್ಕ, "ಯಾವ ಹುಡುಗಿ ತೋರಿಸಿದ್ರೂ ಮುಖ ಬಿಟ್ಟು ಕನ್ನಡಕದ ನಂಬರ್ ಕೇಳ್ತಿದ್ದ, ಅದಕ್ಕೇ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅಕ್ಕ ಹೊಲಿಗೆಯವಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು, ಬಂದ ವಾರದಲ್ಲೇ ಮುಂಗೋಣೆಯನ್ನು ಹೊಲಿಗೆ ಮಿಷನ್ನಿಗೂ ಬಟ್ಟೆಯ ಗಂಟುಗಳಿಗೂ ಬಿಟ್ಟುಕೊಡುವಂತೆ ಮಾಡಿ ತಮ್ಮನನ್ನು ಒಳಗಿನ ಸಣ್ಣ ಕೋಣೆಗೆ ದಬ್ಬಿದ್ದಳು. ಅವಳ ಕತ್ತರಿಗಿಂತ ನಾಲಿಗೆ ಹರಿತ ಎಂದು ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ತಮ್ಮನ ಮೇಲೆ ಅವಳಿಗೆ ಜೀವ ಅನ್ನುವುದೂ ಗೊತ್ತಿತ್ತು.

ಅಂಗಡಿಯಲ್ಲಿ ಅವನಿಗೆ ಒಂದು ಭಾಷಣ ಬಾಯಿಪಾಠವಾಗಿತ್ತು. ರಾತ್ರಿ ಗಾಡಿ ಓಡಿಸುವಾಗ ಕಣ್ಣಿಗೆ ಬೆಳಕು ಹೊಡೆಯುತ್ತದೆ ಎಂದು ಯಾರಾದರೂ ಬಂದರೆ ಸಾಕು, ಎರಡು ಲೆನ್ಸ್ ತೆಗೆದು ಟ್ಯೂಬ್‌ಲೈಟಿನ ಕೆಳಗೆ ಹಿಡಿಯುತ್ತಿದ್ದ. ಒಂದರಲ್ಲಿ ಟ್ಯೂಬ್‌ಲೈಟು ಇಡಿಯಾಗಿ ಬೆಳ್ಳಗೆ ಪ್ರತಿಫಲಿಸುತ್ತಿತ್ತು. ಹೊಳಪು ತಡೆಯುವ ಕೋಟಿಂಗ್ ಮಾಡಿದ ಇನ್ನೊಂದರಲ್ಲಿ ಮಾಸಲು ಹಸಿರು ಗೆರೆಯಷ್ಟೇ. "ನೋಡಿ, ನಿಮಗೆ ತೊಂದ್ರೆ ಕೊಡ್ತಿರೋದು ಎದುರಿನ ಗಾಡಿ ಅಲ್ಲ. ನಿಮ್ಮ ಗಾಜೇ ಆ ಬೆಳಕನ್ನ ಒಳಗೊಳಗೇ ಆಚೆ ಈಚೆ ಎಸೀತಿದೆ. ಎದುರಿನವರನ್ನ ಬಯ್ಯೋಕೆ ಮುಂಚೆ ನಮ್ಮ ಮೂಗಿನ ಮೇಲೆ ಕೂತಿರೋದನ್ನ ನೋಡ್ಕೋಬೇಕು" ಅನ್ನುತ್ತಿದ್ದ. ಗಿರಾಕಿಗಳು ತಲೆದೂಗುತ್ತಿದ್ದರು. ತನ್ನ ಮಾತಿಗೆ ತಾನೂ ತಲೆದೂಗುತ್ತಿದ್ದ.

ಮನೆಯ ತಾರಸಿಯ ಮೇಲೆ ಅವನ ಇನ್ನೊಂದು ಬದುಕು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಒಂದು ಟೆಲಿಸ್ಕೋಪು, ಅದರ ಹಿಂಬದಿಗೆ ಸಿಕ್ಕಿಸಿದ ಕ್ಯಾಮೆರಾ, ಆಕಾಶದ ಜೊತೆಜೊತೆಗೇ ನಿಧಾನವಾಗಿ ತಿರುಗಿಸುವ ಒಂದು ಮೋಟಾರು. ಬರಿಗಣ್ಣಿಗೆ ಏನೂ ಕಾಣದ ಜಾಗಕ್ಕೆ ಗುರಿಯಿಟ್ಟು ಕ್ಯಾಮೆರಾವನ್ನು ನಿಮಿಷಗಟ್ಟಲೆ ತೆರೆದಿಟ್ಟರೆ ಅಲ್ಲಿ ಕೆಂಪು, ನೀಲಿ ಮೋಡಗಳು ಮೂಡುತ್ತಿದ್ದವು. ನೀಹಾರಿಕೆ ಅನ್ನುತ್ತಾರಲ್ಲ, ಅವು. ಹಾಗೆ ತೆಗೆದ ಹತ್ತಾರು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಿದರೆ ನೋಡುವಂಥ ಒಂದು ಚಿತ್ರ ಆಗುತ್ತಿತ್ತು. ಅಷ್ಟು ಮಂದವಾದ ಬೆಳಕನ್ನು ಹಿಡಿಯಹೊರಟವನಿಗೆ ಬೇರೆ ಯಾವ ಬೆಳಕು ಒಳಗೆ ನುಗ್ಗಿದರೂ ಕೆಲಸ ಕೆಟ್ಟಿತು ಅಂತಲೇ ಲೆಕ್ಕ.

ಆ ವರ್ಷ ಅವನು ಬೆನ್ನು ಹತ್ತಿದ್ದು ಒಂದು ಕೆಂಪು ನೀಹಾರಿಕೆಯನ್ನು. ಅದರ ಪಕ್ಕದಲ್ಲೇ ಒಂದು ಪ್ರಖರ ನಕ್ಷತ್ರ. ಬಡಾವಣೆಯ ಗ್ರಂಥಾಲಯದಲ್ಲಿ ಇಲ್ಲಿನವರೇ ಮಾಡಿದ ಕಸೂತಿ, ಮರದ ಆಟಿಕೆ, ಚಿತ್ರಗಳನ್ನು ಗೋಡೆಗೆ ಹಾಕುತ್ತೇವೆ, ನಿಮ್ಮದೂ ಒಂದು ಕೊಡಿ ಎಂದು ಗ್ರಂಥಪಾಲಕಿ ಕೇಳಿದ್ದರು. ಬದುಕಿನಲ್ಲಿ ಮೊದಲ ಸಲ ಯಾರೋ ಅವನನ್ನು ಕನ್ನಡಕ ಬಿಟ್ಟು ಬೇರೇನೋ ಕೇಳಿದ್ದು. ಅವನು ನೆಲದ ಮೇಲೆ ನಿಲ್ಲಲಿಲ್ಲ. ಆದರೆ ಯಾವ ಚಿತ್ರ ತೆಗೆದರೂ ನೀಹಾರಿಕೆಯ ನಟ್ಟನಡುವೆ ಅರ್ಧ ಬಳೆಯ ಆಕಾರದ ಒಂದು ಬಿಳಿ ಮಬ್ಬು ಬಂದು ಕೂರುತ್ತಿತ್ತು.

ಅವನು ಕೈಕಟ್ಟಿ ಕೂರಲಿಲ್ಲ. ಟೆಲಿಸ್ಕೋಪಿನ ಕೊಳವೆಯ ಬಾಯಿಗೆ ಕಪ್ಪು ರಟ್ಟಿನ ಉದ್ದನೆಯ ಮೂತಿ ಮಾಡಿದ. ಒಳಗೋಡೆಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದ. ಅದೂ ಸಾಲದೆಂದು ಅಕ್ಕನ ಹತ್ತಿರ ಕಪ್ಪು ಮಖಮಲ್ಲು ಬೇಡಿ ತಂದು ಒಳಗೆ ಅಂಟಿಸಿದ, ಅದರದೇ ಒಂದು ಗವಸನ್ನೂ ಹೊಲಿಸಿಕೊಂಡ. "ಮದುಮಗಳ ರವಿಕೆಗೂ ಇಷ್ಟು ಅಳತೆ ತಗೊಂಡಿಲ್ಲ ಕಣೋ ನಾನು, ನಿನ್ನ ಈ ಕೊಳವೆಗೆ ತಗೊಂಡಷ್ಟು" ಎಂದು ಅಕ್ಕ ಗೊಣಗಿಕೊಂಡೇ ಹೊಲಿದುಕೊಟ್ಟಳು. ಮಬ್ಬು ಮಾತ್ರ ಕದಲಲಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಬರುತ್ತಿದೆ ಅಂದರೆ ತಪ್ಪು ತನ್ನದಲ್ಲ, ಹೊರಗಿನದು ಎಂದು ಅವನು ತೀರ್ಮಾನಿಸಿಬಿಟ್ಟ. ತಾರಸಿಯ ಅಂಚಿಗೆ ಬಂದು ಕೆಳಗೆ ನೋಡಿದ. ಎದುರು ಮನೆಯ ಬಾಗಿಲ ಮೇಲೆ ದೀಪ ಉರಿಯುತ್ತಿತ್ತು.

ದೀಪದ ಕೆಳಗೆ ಒಂದು ಬೆಂಚು, ಬೆಂಚಿನ ಮೇಲೆ ಡ್ರೈವರು. ಬಸ್ಸು ಓಡಿಸುವುದು ಬಿಟ್ಟು ವರ್ಷಗಳಾಗಿದ್ದರೂ ಆ ಹೆಸರು ಅವರನ್ನು ಬಿಟ್ಟಿರಲಿಲ್ಲ. ಮಗಳಿಗೆ ಔಷಧಿ ಅಂಗಡಿಯಲ್ಲಿ ಸಂಜೆ ಪಾಳಿ. ಅವಳು ಬರುವವರೆಗೂ ಡ್ರೈವರು ಬೆಂಚಿನ ಮೇಲೆ ಕೂತು, ಹೋಗಿಬರುವವರನ್ನೆಲ್ಲ "ಬನ್ನಿ ಬನ್ನಿ, ಸೀಟು ಖಾಲಿ ಇದೆ" ಎಂದು ಕರೆದು ಕೂರಿಸಿಕೊಳ್ಳುತ್ತಿದ್ದರು. ತರಕಾರಿ ಚೀಲ ಹಿಡಿದವರು, ಕೆಲಸ ಮುಗಿಸಿ ಬಂದವರು ಅಲ್ಲಿ ಹತ್ತು ನಿಮಿಷ ಕೂತು, ಬಸ್ಸು ಕೆಟ್ಟುನಿಂತ ಹಳೆಯ ಕತೆಯೊಂದನ್ನು ಕೇಳಿ, ನಕ್ಕು ಮನೆಗೆ ಹೋಗುತ್ತಿದ್ದರು.

ಡ್ರೈವರಿಗೆ ಕಣ್ಣು ಮಂದವಾಗಿತ್ತು. ಆ ವಿಷಯ ಬೇರೆಯವರಿಗಿಂತ ಚೆನ್ನಾಗಿ ಕನ್ನಡಕದವನಿಗೆ ಗೊತ್ತಿತ್ತು. ಮಳೆಗಾಲಕ್ಕೆ ಮುಂಚೆ ಅವರು ಅಂಗಡಿಗೆ ಬಂದಿದ್ದರು. "ನೀವು ಎದುರಿಗೆ ನಿಂತ್ರೆ ಮುಖ ಇರೋ ಜಾಗದಲ್ಲಿ ಒಂದು ಮಸಿ ಕಲೆ ಕಾಣುತ್ತೆ. ಪಕ್ಕಕ್ಕೆ ನೋಡಿದ್ರೆ ಕಿವಿ ಚೆನ್ನಾಗೇ ಕಾಣುತ್ತೆ. ಇನ್ಮೇಲೆ ಎಲ್ಲರನ್ನೂ ಕಿವಿಯಿಂದಲೇ ಗುರುತು ಹಿಡೀಬೇಕೋ ಏನೋ" ಎಂದು ನಕ್ಕಿದ್ದರು. ಅವನು ಒಂದಾದ ಮೇಲೊಂದು ಲೆನ್ಸ್ ಹಾಕಿ ನೋಡಿದ. ಬಾಗಿಲ ಚೌಕಟ್ಟು ನೆಟ್ಟಗಿದೆಯಾ ಎಂದರೆ ನಡುವೆ ಸೊಟ್ಟಗಿದೆ ಎಂದರು. ಕೆಟ್ಟಿರುವುದು ಕಣ್ಣಿನ ಹಿಂಭಾಗ, ಲೆನ್ಸಿನಿಂದ ಆಗುವ ಕೆಲಸವಲ್ಲ, ತಡಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಬೇಕು ಎಂದು ಅವನಿಗೆ ಆಗಲೇ ಅನ್ನಿಸಿತು. ಆದರೆ ಡ್ರೈವರು ನಗುತ್ತಿದ್ದರು. ನಗುತ್ತಿರುವ ಮನುಷ್ಯನಿಗೆ ಅಂಥ ಮಾತು ಹೇಗೆ ಹೇಳುವುದು? "ನೋಡೋಣ, ಈ ಗ್ಲಾಸ್ ಹಾಕಿ ನೋಡಿ, ಅಭ್ಯಾಸ ಆದ್ರೆ ಸರಿಹೋಗುತ್ತೆ" ಎಂದುಬಿಟ್ಟ. ಡ್ರೈವರು ಹೊಸ ಕನ್ನಡಕ ಹಾಕಿಕೊಂಡು ಖುಷಿಯಾಗಿ ಹೋದರು. ಅವನು ನಾಳೆ ಹೇಳಿದರಾಯಿತು, ನಾಳಿದ್ದು ಹೇಳಿದರಾಯಿತು ಅಂದುಕೊಂಡು, ಕೊನೆಗೆ ಮರೆತವನಂತೆ ಇದ್ದುಬಿಟ್ಟ.

ದೀಪದ ವಿಷಯಕ್ಕೆ ಮೊದಲ ಸಲ ಹೋದಾಗ ಅವನು ವಿನಯವಾಗಿಯೇ ಕೇಳಿದ. ಡ್ರೈವರು, "ಅಲ್ಲ ಕನ್ನಡಕದವರೇ, ಅಷ್ಟು ದೂರದ ನಕ್ಷತ್ರಕ್ಕೆ ನನ್ನ ಈ ಬಡಪಾಯಿ ಬಲ್ಬು ಅಡ್ಡ ಬರುತ್ತಾ? ಅದಕ್ಕೆ ಅಷ್ಟೊಂದು ತಾಕತ್ತಿದೆ ಅಂತ ನನಗೆ ಗೊತ್ತೇ ಇರಲಿಲ್ಲ" ಎಂದು ಹಾಸ್ಯ ಮಾಡಿದರು. ಕೂತಿದ್ದವರೆಲ್ಲ ನಕ್ಕರು. ಅವನೂ ನಕ್ಕಂತೆ ಮಾಡಿ ಬಂದ, ಆದರೆ ಆ ನಗು ಮೈಯೆಲ್ಲ ಉರಿಸಿತು. ಮೂರು ದಿನ ಬಿಟ್ಟು ಮತ್ತೆ ಹೋದ. ಹಿಂದಿನ ರಾತ್ರಿಯ ಚಿತ್ರಗಳೆಲ್ಲ ಹಾಳಾಗಿದ್ದವು, ಗ್ರಂಥಾಲಯದವರು ಕೊಟ್ಟ ದಿನ ಹತ್ತಿರ ಬರುತ್ತಿತ್ತು, ನಿದ್ದೆ ಇರಲಿಲ್ಲ. ಇವೆಲ್ಲ ನೆಪಗಳು, ಅಕ್ಕನ ಮುಂದೆ ಅವನೇ ಆಮೇಲೆ ಹಾಗಂದ. ಬೆಂಚಿನ ಸುತ್ತ ಅವತ್ತು ಐದಾರು ಜನ ಇದ್ದರು.

"ದೀಪ ಇಲ್ದೆ ಇಲ್ಲಿ ಕೂರೋದು ಹೇಗೆ ಸ್ವಾಮಿ?" ಎಂದರು ಡ್ರೈವರು.

"ದೀಪ ಇದ್ರೂ ಇಲ್ದಿದ್ರೂ ನಿಮಗೆ ಒಂದೇ ತಾನೇ? ನಿಮ್ಮ ಕಣ್ಣು ಹೋಗಿದೆ ಯಜಮಾನ್ರೇ. ಇನ್ನು ಯಾವ ಗ್ಲಾಸು ಹಾಕಿದ್ರೂ ಬರಲ್ಲ. ಮತ್ತೆ ಯಾರಿಗೋಸ್ಕರ ಉರಿಸ್ತೀರಿ?"

ಮಾತು ಬಾಯಿಂದ ಹೊರಬಿದ್ದ ಮೇಲೆ ಅವನಿಗೇ ಕೇಳಿಸಿತು, ತಾನು ಎಂಥ ಮಾತಾಡಿದೆ ಎಂದು. ಯಾರೂ ನಗಲಿಲ್ಲ. ತರಕಾರಿ ಚೀಲ ಹಿಡಿದಿದ್ದ ಹೆಂಗಸು ತಲೆ ತಗ್ಗಿಸಿ ಚೀಲದೊಳಗೆ ಏನೋ ಹುಡುಕತೊಡಗಿದಳು. ಡ್ರೈವರು ಮುಖವನ್ನು ಸ್ವಲ್ಪ ಓರೆ ಮಾಡಿ, ಅವನನ್ನು ಕಣ್ಣಂಚಿನಿಂದ ಹಿಡಿಯಲು ನೋಡಿದರು. "ಹೌದಾ?" ಎಂದರು. ಆಮೇಲೆ ಎದ್ದು, ಗೋಡೆ ಸವರಿಕೊಂಡು ಒಳಗೆ ಹೋಗಿ ಸ್ವಿಚ್ ಆರಿಸಿದರು. ಬಂದಿದ್ದವರು ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು. ಅವನು ಬೀದಿ ದಾಟಿ ಮನೆ ಸೇರುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಕ್ಷಮೆ ಕೇಳಲು ತಿರುಗಿ ಹೋಗುವ ಬದಲು ಏಣಿ ಹತ್ತಿ ತಾರಸಿಗೆ ಹೋದ, ಹೋಗಿ ನೋಡಿದರೆ ಆಕಾಶದ ತುಂಬ ಮೋಡ.

ಮೋಡ ಎರಡು ವಾರ ಸರಿಯಲಿಲ್ಲ. ಎದುರು ಮನೆಯ ದೀಪವೂ ಮತ್ತೆ ಹತ್ತಲಿಲ್ಲ. ಬೆಂಚು ಇದ್ದ ಕಡೆ ಕಪ್ಪಾಗಿತ್ತು, ಮಾತಿನ ಸದ್ದಿರಲಿಲ್ಲ. ಡ್ರೈವರು ಸಿಟ್ಟು ಮಾಡಿಕೊಂಡು ಒಳಗೇ ಇದ್ದಾರೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಸಿಟ್ಟಾದರೆ ಇವತ್ತಲ್ಲ ನಾಳೆ ಇಳಿಯುತ್ತದೆ. ಬೆಳಿಗ್ಗೆ ಅಂಗಡಿಗೆ ಹೋಗುವಾಗ ಬೀದಿಯ ಆ ಬದಿಯನ್ನು ಬಿಟ್ಟು ಈ ಬದಿಯಲ್ಲೇ ಗೋಡೆಗೆ ಒತ್ತಿಕೊಂಡು ನಡೆಯುವುದು ಮಾತ್ರ ಅಭ್ಯಾಸವಾಯಿತು.

ಆಕಾಶ ತಿಳಿಯಾದ ಮೊದಲ ಸಂಜೆ, ಕತ್ತಲಾಗುತ್ತಲೇ ಅವನು ಟೆಲಿಸ್ಕೋಪು ತಿರುಗಿಸಿ ಮೊದಲ ಚಿತ್ರ ತೆಗೆದ. ಅರ್ಧ ಬಳೆ ಅಲ್ಲೇ ಇತ್ತು.

ಬೇರೆ ಯಾರದೋ ದೀಪ ಇರಬೇಕೆಂದು ತಾರಸಿಯ ನಾಲ್ಕೂ ಕಡೆ ಓಡಾಡಿದ. ಬೀದಿಯ ಕಡೆಗೆ ಕಪ್ಪು ಬಟ್ಟೆ ಕಟ್ಟಿದ. ಮಬ್ಬು ಹಾಗೇ ಇತ್ತು. ಕೊನೆಗೆ ಬೇಸತ್ತು ಕೊಳವೆಯನ್ನು ಒಂದಿಷ್ಟು ಆ ಕಡೆಗೆ ಸರಿಸಿ ಇನ್ನೊಂದು ಚಿತ್ರ ತೆಗೆದ. ಪ್ರಖರ ನಕ್ಷತ್ರ ಚಿತ್ರದಲ್ಲಿ ಬಲಕ್ಕೆ ಸರಿದಿತ್ತು, ಮಬ್ಬು ಎಡಕ್ಕೆ ಸರಿದಿತ್ತು. ಮತ್ತೆ ಸರಿಸಿದ. ನಕ್ಷತ್ರ ಎಡಕ್ಕೆ ಬಂದರೆ ಮಬ್ಬು ಬಲಕ್ಕೆ ಹೋಯಿತು. ನಕ್ಷತ್ರವನ್ನು ಚಿತ್ರದಿಂದ ಪೂರ್ತಿ ಆಚೆ ಕಳಿಸಿದರೆ ಮಬ್ಬೂ ಮಾಯ. ಬೀದಿಯ ದೀಪಕ್ಕೂ ಈ ಕುಣಿತಕ್ಕೂ ಏನು ಸಂಬಂಧ? ಅದು ಆ ನಕ್ಷತ್ರದ ಬೆಳಕೇ, ಕೊಳವೆಯ ಒಳಗೆಲ್ಲೋ ಹೊಳೆಯುವ ಒಂದು ಜಾಗಕ್ಕೆ ಬಡಿದು ಚೆದುರುತ್ತಿತ್ತು. ದಿನಕ್ಕೆ ನಾಲ್ಕು ಸಲ ಗಿರಾಕಿಗಳಿಗೆ ಒಪ್ಪಿಸುವ ಪಾಠವನ್ನು ಅವನು ಒಂದೇ ಒಂದು ಸಲ ತನ್ನ ಕೊಳವೆಗೆ ಹಚ್ಚಿ ನೋಡಿರಲಿಲ್ಲ.

ಬೆಳಗಾದ ಮೇಲೆ ಕ್ಯಾಮೆರಾ ಬಿಚ್ಚಿ, ಕೊಳವೆಯನ್ನು ಬೆಳ್ಳನೆಯ ಗೋಡೆಯ ಕಡೆಗೆ ತಿರುಗಿಸಿ, ಹಿಂಬದಿಯಿಂದ ಒಳಗೆ ಇಣುಕಿದ. ಮಖಮಲ್ಲು ಕಪ್ಪಗಿತ್ತು, ಬಣ್ಣ ಕಪ್ಪಗಿತ್ತು. ಕಣ್ಣಿಗೆ ತೀರ ಹತ್ತಿರದಲ್ಲಿ ಒಂದು ಉಂಗುರ ಮಾತ್ರ ಥಳಥಳ ಹೊಳೆಯುತ್ತಿತ್ತು. ಕ್ಯಾಮೆರಾಕ್ಕೂ ಕೊಳವೆಗೂ ನಡುವೆ ಬೇಕಾದ ಅಂತರಕ್ಕೆ ಪೇಟೆಯಲ್ಲಿ ಸಿಕ್ಕ ಉಂಗುರ ಸರಿಹೊಂದದೆ, ಅವನೇ ಅಲ್ಯೂಮಿನಿಯಂ ತುಂಡು ತಂದು, ಗಾಜು ಉಜ್ಜುವ ತನ್ನ ಯಂತ್ರದಲ್ಲೇ ಉಜ್ಜಿ ಮಾಡಿಕೊಂಡಿದ್ದ ಉಂಗುರ ಅದು. ಲೆನ್ಸಿಗೆ ಹಾಕುವ ಪಾಲಿಶ್ ಪುಡಿಯನ್ನೇ ಹಾಕಿ, ಒಳ ಅಂಚಿನಲ್ಲಿ ಮುಖ ಕಾಣುವವರೆಗೆ ತಿಕ್ಕಿದ್ದ. ಮುಗಿದಾಗ ಅಕ್ಕನಿಗೂ ತೋರಿಸಿ ಬೀಗಿದ್ದ. ಅವನು ತಾರಸಿಯ ಮೇಲೆಯೇ ಕುಸಿದು ಕೂತ. ಅಂಗಡಿಗೆ ಹೊತ್ತಾಯಿತು ಎಂದು ಅಕ್ಕ ಕೆಳಗಿನಿಂದ ಕೂಗುತ್ತಿದ್ದಳು.

ಅವಳಿಗೆ ಹೇಳದೆ ಇರಲಾಗಲಿಲ್ಲ. ಮಿಷನ್ನು ನಿಲ್ಲಿಸಿ ಪೂರ್ತಿ ಕೇಳಿದಳು. ಡ್ರೈವರಿಗೆ ಅಂದ ಮಾತನ್ನು ಅವನು ಅರ್ಧ ನುಂಗಿ ಹೇಳಿದರೆ, "ಅದನ್ನ ನಾನು ಆವತ್ತೇ ಕೇಳಿದೀನಿ. ಬೀದಿಯವರೆಲ್ಲ ಕೇಳಿದಾರೆ. ನೀನಾಗೇ ಹೇಳ್ತೀಯೇನೋ ಅಂತ ಕಾಯ್ತಿದ್ದೆ" ಎಂದಳು.

"ಈಗ ಏನ್ಮಾಡ್ಲಿ ಅಕ್ಕ?"

"ಏನ್ಮಾಡ್ಲಿ ಅಂದ್ರೆ? ಹತ್ತು ಹೆಜ್ಜೆ ದೂರ ಇದೆ ಮನೆ. ಹೋಗಿ ಹೇಳು. ತಪ್ಪು ನಂದು, ದೀಪದ್ದಲ್ಲ ಅಂತ. ಅದಕ್ಕೂ ನಾನೇ ಗವಸು ಹೊಲಿದುಕೊಡ್ಬೇಕಾ?"

ಹೋಗುತ್ತೇನೆ ಎಂದ. ಹೋಗಲಿಲ್ಲ. ಉಂಗುರದ ಒಳ ಅಂಚಿಗೆ ಕಪ್ಪು ಬಣ್ಣ ಬಳಿದು, ಮೇಲೆ ಮಖಮಲ್ಲಿನ ಪಟ್ಟಿ ಅಂಟಿಸುವುದು ಮಾತ್ರ ಅವತ್ತೇ ಮಾಡಿದ. ಆ ವಾರ ಸಿಕ್ಕ ಮೂರು ತಿಳಿ ರಾತ್ರಿಗಳಲ್ಲಿ ನೀಹಾರಿಕೆ ಒಂದು ಕಲೆಯೂ ಇಲ್ಲದೆ ಮೂಡಿಬಂತು. ಅಂಥ ಚಿತ್ರವನ್ನು ಅವನು ಹಿಂದೆ ಯಾವತ್ತೂ ತೆಗೆದಿರಲಿಲ್ಲ. ಆದರೆ ಈ ಸಲ ಅಕ್ಕನಿಗೆ ತೋರಿಸಲು ಹೋಗಲಿಲ್ಲ.

ಚಿತ್ರ ಗ್ರಂಥಾಲಯಕ್ಕೆ ಹೋಯಿತು, ಸುದ್ದಿ ಬೀದಿಗೆ ಬಂತು. ಡ್ರೈವರು ದೀಪ ಆರಿಸಿದ್ದಕ್ಕೇ ಚಿತ್ರ ಬಂತಂತೆ, ಕತ್ತಲೆರಾಯ ಹೇಳಿದ್ದೇ ನಿಜವಂತೆ ಎಂದು ಜನ ಆಡಿಕೊಂಡರು. ಯಾರಾದರೂ ಅವನ ಮುಖಕ್ಕೇ ಹಾಗಂದರೆ ಅವನು ಕೆಮ್ಮಿ, ಅಂಗಡಿಗೆ ತಡವಾಯಿತು ಅನ್ನುತ್ತಿದ್ದ. ಹೌದು ಅನ್ನಲಿಲ್ಲ ಎಂಬುದನ್ನೇ ಹಿಡಿದುಕೊಂಡು ತಾನು ಸುಳ್ಳು ಹೇಳಿಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದ. ಆ ಸಮಾಧಾನ ಮನೆ ಬಾಗಿಲವರೆಗೂ ಬಾಳುತ್ತಿರಲಿಲ್ಲ, ಯಾಕೆಂದರೆ ಬಾಗಿಲಲ್ಲಿ ಅಕ್ಕ ಇರುತ್ತಿದ್ದಳು. ಅವಳು ಬಾಯಿಬಿಟ್ಟು ಕೇಳುವುದನ್ನೂ ನಿಲ್ಲಿಸಿದ್ದಳು, ಸುಮ್ಮನೆ ಒಂದು ಸಲ ನೋಡಿ ಮಿಷನ್ನು ತುಳಿಯುತ್ತಿದ್ದಳು.

ಒಂದು ಸಂಜೆ ಅಂಗಡಿಯಿಂದ ಬರುವಾಗ, ಎದುರು ಮನೆಯ ಕತ್ತಲೆಯಿಂದ ಕೆಮ್ಮು ಕೇಳಿಸಿತು. ಅವನು ನಿಂತ. ಡ್ರೈವರು ಬೆಂಚಿನ ಮೇಲೆಯೇ ಕೂತಿದ್ದರು. ಇಷ್ಟು ದಿನವೂ ಅಲ್ಲೇ ಕೂರುತ್ತಿದ್ದರು ಅನ್ನುವುದು ಅವನಿಗೆ ಆಗ ಗೊತ್ತಾಯಿತು.

"ಯಜಮಾನ್ರೇ, ಕತ್ತಲಲ್ಲಿ ಒಬ್ರೇ..."

"ಓ, ಕನ್ನಡಕದವರಾ! ಬನ್ನಿ. ಒಬ್ಬನೇ ಅಲ್ದೆ ಇನ್ನೇನು? ದೀಪ ಇದ್ದಾಗ ನಾಲ್ಕು ಜನ ನಿಲ್ಲೋರು. ಈಗ ನಾನಿರೋದು ಯಾರಿಗೂ ಕಾಣಲ್ಲ, ಪಾಪ, ಹಾಗೇ ಹೋಗ್ಬಿಡ್ತಾರೆ. ನಾನಾಗೇ ಕರೀಬಹುದು. ಆದ್ರೆ ಕತ್ತಲಲ್ಲಿ ಕರೆದ್ರೆ ಜನ ಹೆದರ್ಕೋತಾರೆ. ಮೊನ್ನೆ ಒಬ್ಬಳು ಚೀಲ ಬಿಟ್ಟು ಓಡೋದ್ರಲ್ಲಿದ್ದಳು" ಎಂದು ನಕ್ಕರು. ದೂರಿನ ದನಿಯೇ ಇರಲಿಲ್ಲ. "ಇರ್ಲಿ ಬಿಡಿ. ನಿಮ್ಮ ಚಿತ್ರ ಬಹಳ ಚೆನ್ನಾಗಿ ಬಂದಿದೆಯಂತೆ. ಮಗಳ ಅಂಗಡೀಲೆಲ್ಲ ಅದೇ ಮಾತಂತೆ. ನಮ್ಮಪ್ಪ ದೀಪ ಆರಿಸಿದ್ದಕ್ಕೇ ಬಂದಿದ್ದು ಅಂತ ಅವಳೂ ಹೇಳ್ಕೊಂಡು ಬಂದಿದಾಳೆ."

ಹೇಳುವುದಾದರೆ ಅದೇ ಹೊತ್ತು. ಅವನ ಬಾಯಿಗೂ ಬಂದಿತ್ತು. ಆದರೆ ಡ್ರೈವರ ದನಿಯಲ್ಲಿ ಇದ್ದ ಹೆಮ್ಮೆಯನ್ನು ಕೇಳಿದ ಮೇಲೆ ಆ ಮಾತನ್ನು ನುಂಗಿಕೊಂಡ. ಅವರಿಂದ ದೀಪ ಕಿತ್ತುಕೊಂಡದ್ದಾಯಿತು, ಈಗ ಇದನ್ನೂ ಕಿತ್ತುಕೊಳ್ಳಲೆ ಎಂದು ಯೋಚಿಸಿದ. ಹೇಡಿಗೆ ಇಂಥ ದಯೆ ಬಹಳ ಬೇಗ ಹುಟ್ಟುತ್ತದೆ.

"ಚಿತ್ರ ಆಯ್ತಲ್ಲ ಯಜಮಾನ್ರೇ, ಇನ್ನು ದೀಪ ಹಾಕ್ಕೊಳ್ಳಿ" ಎಂದಷ್ಟೇ ಅಂದ.

"ಮುಂದಿನ ಚಿತ್ರ ತೆಗೆಯಲ್ವಾ? ಅದಕ್ಕೂ ಕತ್ತಲೆ ಬೇಕಲ್ಲ. ಕಣ್ಣು ಹೋದವನಿಗೆ ದೀಪ ಯಾಕೆ, ನೀವೇ ಹೇಳಿದ್ರಲ್ಲ. ಇದಾದ್ರೂ ಒಂದು ಕೆಲಸಕ್ಕೆ ಬರ್ಲಿ."

ಚುಚ್ಚಿ ಹೇಳಿದ್ದಲ್ಲ ಅದು. ಚುಚ್ಚಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಆ ರಾತ್ರಿ ಅವನು ಊಟಕ್ಕೆ ಏಳಲಿಲ್ಲ.

ಗ್ರಂಥಾಲಯದ ಪ್ರದರ್ಶನ ಒಂದು ರಜೆಯ ದಿನ, ಇಳಿಹೊತ್ತಿಗೆ ಶುರುವಾಯಿತು. ಓದುವ ಮೇಜುಗಳನ್ನೆಲ್ಲ ಗೋಡೆಗೆ ಸರಿಸಿದ್ದರು. ಒಂದು ಕಡೆ ಕಸೂತಿ, ಇನ್ನೊಂದು ಕಡೆ ಮರದ ಆಟಿಕೆಗಳು, ನಡುಗೋಡೆಗೆ ಅವನ ಚಿತ್ರ. ಕೆಳಗೆ ಗ್ರಂಥಪಾಲಕಿ ಒಂದು ಚೀಟಿ ಅಂಟಿಸಿದ್ದರು. ನೆರೆಮನೆಯ ಡ್ರೈವರ್ ಯಜಮಾನರು ತಮ್ಮ ಮನೆಯ ದೀಪ ಆರಿಸಿ ಸಹಕರಿಸಿದ್ದರಿಂದ ಸಾಧ್ಯವಾದ ಚಿತ್ರ ಎಂದು ದುಂಡಗಿನ ಅಕ್ಷರದಲ್ಲಿ ಬರೆದಿದ್ದರು. ಅವನು ಅದನ್ನು ಓದಿ ಬಾಗಿಲ ಕಡೆ ತಿರುಗಿದ. ಬಾಗಿಲಲ್ಲಿ ಡ್ರೈವರು. ತೊಳೆದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅವನೇ ಕೊಟ್ಟ ಕನ್ನಡಕ ಹಾಕಿಕೊಂಡು ನಿಂತಿದ್ದರು. ಮಗಳಿಗೆ ಪಾಳಿ ಇತ್ತು. ಕೈ ಹಿಡಿದು ಕರೆತಂದವಳು ಅಕ್ಕ. ತಮ್ಮನನ್ನು ಕಂಡರೂ ಕಾಣದವಳ ಹಾಗೆ ಅವರನ್ನು ನೆಟ್ಟಗೆ ಚಿತ್ರದ ಮುಂದೆ ತಂದು ನಿಲ್ಲಿಸಿದಳು.

ಬೀದಿಯವರೂ ಇದ್ದರು. ಅವತ್ತು ಬೆಂಚಿನ ಸುತ್ತ ಇದ್ದವರಲ್ಲಿ ಮೂರ್ನಾಲ್ಕು ಜನ ಅಲ್ಲೇ ಕಸೂತಿ ನೋಡುತ್ತಿದ್ದರು, ಆ ತರಕಾರಿ ಚೀಲದ ಹೆಂಗಸೂ ಸಹ. ಡ್ರೈವರು ಚಿತ್ರದ ಎದುರು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಗೋಡೆಯ ಮೂಲೆಯನ್ನು ನೋಡುವವರಂತೆ ನೋಡಿದರು. ಮಂದ ನಕ್ಷತ್ರಗಳನ್ನು ನೋಡುವವರೂ ಹಾಗೇ ಓರೆಯಾಗಿ ನೋಡುತ್ತಾರೆ, ನೇರ ನೋಡಿದರೆ ಅವು ಕಾಣುವುದಿಲ್ಲ.

"ಕೆಂಪಗೆ ಏನೋ ಇದೆ" ಎಂದರು. "ಕನ್ನಡಕದವರು ಇದಾರಾ ಇಲ್ಲಿ? ಸ್ವಲ್ಪ ಹೇಳಿ ಸ್ವಾಮಿ, ಏನಿದೆ ಅಂತ. ನಮ್ಮಿಬ್ಬರ ಚಿತ್ರ ತಾನೇ ಇದು."

ನಮ್ಮಿಬ್ಬರ ಅನ್ನುವ ಮಾತಿಗೆ ಸುತ್ತಲಿದ್ದವರು ಮೆಚ್ಚಿ ನಕ್ಕರು. ನೆಲ ಬಾಯಿಬಿಟ್ಟು ನುಂಗಬಾರದೆ ಅನ್ನಿಸಿತು ಅವನಿಗೆ. ಅಕ್ಕನ ಕಡೆ ನೋಡಿದ. ಅವಳು ಚಿತ್ರವನ್ನೇ ನೋಡುತ್ತಿದ್ದಳು.

"ಯಜಮಾನ್ರೇ" ಎಂದ. ಯಾರಿಗೂ ಕೇಳಿಸಲಿಲ್ಲ. ಮತ್ತೊಮ್ಮೆ, ಸ್ವಲ್ಪ ಜೋರಾಗೇ ಅಂದ. "ಯಜಮಾನ್ರೇ, ಈ ಚೀಟೀಲಿ ಬರೆದಿರೋದು ಸುಳ್ಳು. ನಿಮ್ಮ ದೀಪದಿಂದ ನನಗೆ ಏನೂ ತೊಂದರೆ ಆಗಿರಲಿಲ್ಲ. ನಾನೇ ಮಾಡಿದ ಒಂದು ಉಂಗುರ ಕೊಳವೆ ಒಳಗೆ ಹೊಳೀತಿತ್ತು. ಆ ಹೊಳಪೇ ಚಿತ್ರ ಕೆಡಿಸ್ತಿತ್ತು. ನೀವು ದೀಪ ಆರಿಸಿದ ಮೇಲೂ ಹಾಗೇ ಇತ್ತು. ಉಂಗುರಕ್ಕೆ ಕಪ್ಪು ಬಳಿದ ಮೇಲೆ ಹೋಯ್ತು. ಚಿತ್ರ ಕೊಡೋಕೆ ಮುಂಚೇನೇ ಇದು ನನಗೆ ಗೊತ್ತಿತ್ತು. ಹೇಳಲಿಲ್ಲ. ನಿಮ್ಮ ಬೆಂಚಿನ ಹತ್ರ ಬಂದಾಗಲೂ ಹೇಳಲಿಲ್ಲ."

ಕಸೂತಿ ನೋಡುತ್ತಿದ್ದವರೆಲ್ಲ ಇತ್ತ ತಿರುಗಿದರು. ಗ್ರಂಥಪಾಲಕಿ ಚೀಟಿಯ ಕಡೆ ಕೈ ಚಾಚಿ, ಕೀಳಬೇಕೋ ಬೇಡವೋ ತಿಳಿಯದೆ ಹಾಗೇ ನಿಂತರು. ಬೈದರೆ ಬೈಯಲಿ, ಎಲ್ಲರ ಮುಂದೆ ಬೈಯಲಿ ಎಂದು ಅವನು ಕಾದ.

ಡ್ರೈವರು ಬೈಯಲಿಲ್ಲ. ಅವರ ಮುಖದಲ್ಲಿ ಏನೋ ಬೆಳಗುತ್ತಿತ್ತು. ಅದು ಆಸೆ ಎಂದು ಅರ್ಥವಾಗಲು ಅವನಿಗೆ ಒಂದು ಕ್ಷಣ ಹಿಡಿಯಿತು. ಅವರು ಕೈ ಚಾಚಿ ಅವನ ತೋಳನ್ನು ತಡಕಿ ಹಿಡಿದುಕೊಂಡರು.

"ಹಾಗಾದ್ರೆ ಆವತ್ತು ನೀವು ಹೇಳಿದ್ದು ತಪ್ಪು."

"ತಪ್ಪು, ಯಜಮಾನ್ರೇ."

"ಆವತ್ತು ಎರಡು ಮಾತು ಹೇಳಿದ್ರಿ.‌ ದೀಪದ್ದೊಂದು. ಕಣ್ಣಿಂದೊಂದು. ಕಣ್ಣಿಂದೂ ಹಾಗೇ ಸಿಟ್ಟಲ್ಲಿ ಹೇಳಿದ್ದು ತಾನೇ? ಈ ಗ್ಲಾಸ್ ಅಭ್ಯಾಸ ಆದ್ರೆ ಸರಿಹೋಗುತ್ತೆ, ಅಲ್ವಾ?"

ಹೌದು ಅಂದುಬಿಡಬಹುದಿತ್ತು. ನೋಡೋಣ ಅಂದಿದ್ದರೂ ಸಾಕಿತ್ತು, ಅವರು ಖುಷಿಯಾಗಿ ಮನೆಗೆ ಹೋಗುತ್ತಿದ್ದರು. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು, ಎಷ್ಟೋ ವರ್ಷದ ಅಭ್ಯಾಸ. ತನ್ನ ತೋಳನ್ನು ಹಿಡಿದ ಆ ಕೈಯನ್ನು ಅವನು ನೋಡಿದ.

"ಇಲ್ಲ" ಎಂದ. "ಅದು ನಿಜ. ಗ್ಲಾಸಿಂದ ಆಗಲ್ಲ. ಅಂಗಡೀಲಿ ನೋಡಿದಾಗಲೇ ನನಗೆ ಗೊತ್ತಾಯ್ತು. ಡಾಕ್ಟರ ಹತ್ರ ಕಳಿಸಬೇಕಿತ್ತು, ಬಾಯಿ ಬರಲಿಲ್ಲ. ಆಮೇಲೆ ಬೀದೀಲಿ ಎಲ್ಲರ ಮುಂದೆ ಹಾಗೆ ಅಂದೆ. ನಾಳೆ ಬೆಳಿಗ್ಗೇನೇ ಹೋಗೋಣ, ನಾನೇ ಕರ್ಕೊಂಡು ಹೋಗ್ತೀನಿ. ಉಳಿದಿರೋದನ್ನ ಉಳಿಸಬಹುದು."

"ಅಂಗಡಿಗೆ ಬಂದಾಗಲೇ ಹೋಗಿದ್ರೆ?"

"ಇನ್ನೂ ಸ್ವಲ್ಪ ಉಳೀತಿತ್ತು."

ಡ್ರೈವರು ಅವನ ತೋಳು ಬಿಟ್ಟರು. ಕನ್ನಡಕ ತೆಗೆದರು. ಮಡಿಸಿ ಜೇಬಿಗಿಡಲು ಹೋದವರು ಯಾಕೋ ಇಡಲಿಲ್ಲ, ಅದನ್ನು ಅವನ ಕಡೆ ಚಾಚಿ ಹಿಡಿದರು. ಅವನು ತೆಗೆದುಕೊಂಡ. "ತಂಗೀ" ಎಂದು ಅಕ್ಕನ ಕಡೆ ಅಂದಾಜಿನ ಮೇಲೆ ತಿರುಗಿ, "ಮನೆಗೆ ಹೋಗೋಣಮ್ಮ" ಎಂದರು. ಅಕ್ಕ ಅವರ ಕೈ ಹಿಡಿದುಕೊಂಡಳು. ಹೋಗುವಾಗ ತಮ್ಮನ ಬೆನ್ನ ಮೇಲೆ ಒಂದು ಸಲ ಕೈಯಿಟ್ಟು ತೆಗೆದಳು.

ಅವನು ಸ್ವಲ್ಪ ಅಂತರ ಬಿಟ್ಟು ಅವರ ಹಿಂದೆಯೇ ನಡೆದ. ಬೀದಿ ಸೇರುವಾಗ ಮುಸ್ಸಂಜೆ ಕಳೆದಿತ್ತು. ಅಕ್ಕ ಡ್ರೈವರನ್ನು ಬಾಗಿಲಲ್ಲಿ ಬಿಟ್ಟು ತನ್ನ ಮನೆಯ ಕಡೆ ಹೋದಳು. ಡ್ರೈವರು ಒಳಗೆ ಹೋದರು. ಆಮೇಲೆ ಬಾಗಿಲ ಮೇಲಿನ ದೀಪ ಹತ್ತಿತು. ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಅವನು ನಾಲ್ಕು ಹೆಜ್ಜೆ ದೂರದಲ್ಲಿ, ಬೆಳಕು ಪೂರ್ತಿ ಮುಖದ ಮೇಲೆ ಬೀಳುವ ಜಾಗದಲ್ಲಿ, ಕೈಯಲ್ಲಿ ಆ ಕನ್ನಡಕ ಹಿಡಿದು ನಿಂತಿದ್ದ.

ಡ್ರೈವರು ನೇರ ಅವನ ಕಡೆಗೇ ನೋಡಿದರು.

"ಯಾರದು ನಿಂತಿರೋದು?" ಎಂದು ಕೇಳಿದರು.

"ನಾನು" ಎಂದ.

ಡ್ರೈವರು ಮುಖವನ್ನು ಸ್ವಲ್ಪ ಓರೆ ಮಾಡಿದರು. "ನಾಳೆ ಎಷ್ಟು ಹೊತ್ತಿಗೆ?" ಎಂದರು.